ಕತ್ತಲೆಗೆ ದೀಪ ಹಚ್ಚುವ ಹುಡುಗರು

ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಮುದುಕಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ವಿರಳ. ಊರವರ ಮೇಲೆ ಮುನಿಸಿಕೊಂಡು, ಹುಂಜವನ್ನು ಕಂಕುಳಲ್ಲಿಟ್ಟು, ಕೆಂಡದ ಅಗ್ಗಿಷ್ಟಿಕೆಯನ್ನು ಕೈಯಲ್ಲಿ ಹಿಡಿದು, ಇವರಿಗೆ ಬೆಳಗಾಗುವುದು ಹೇಗೋ ನೋಡಿಯೇ ಬಿಡುವೆನೆಂದು ಕಾಡಿಗೆ ಹೋಗಿ ಕುಳಿತವಳು ಆಕೆ. ಊರಿಗೆ ಎಂದಿನಂತೆಯೇ ಬೆಳಗಾಯಿತು, ಒಲೆಗಳೂ ಹೊತ್ತಿದುವು, ಮುದುಕಿಯನ್ನು ಯಾರೂ ನೆನೆಯಲಿಲ್ಲ. ಜಂಬದವರನ್ನು ಹಂಗಿಸುವ ಮಾತಾಗಿ ಈ ಕಥೆ ಎಷ್ಟೋ ಬಾಯಿಗಳಲ್ಲಿ ಸವೆದಿದೆ. ಇದರೊಳಗೆ ಇನ್ನೊಂದು ಕಥೆ ಅಡಗಿದೆಯೆಂದು ಹೆಚ್ಚಿನವರಿಗೆ ತೋರಿರಲಾರದು. ಮುದುಕಿ ನಂಬಿದ್ದು ನಿಜವೇ ಆಗಿದ್ದರೆ? ಹುಂಜ ಹೋದೊಡನೆ ಸೂರ್ಯನೂ ಹುಟ್ಟದೆ ಉಳಿದಿದ್ದರೆ?

ದೋಸೆ ಮಗುಚಿದಂತೆ ಕಥೆಯನ್ನು ಹೀಗೆ ಮಗುಚಿ ಹಾಕಿದವರು, ವೈದ್ಯ ವ್ಯಾಸಂಗವನ್ನು ಮುಗಿಸಿ ಚಲನಚಿತ್ರದ ಕಡೆಗೆ ಹೊರಳಿದ ಮೈಸೂರಿನ ತರುಣ ಶ್ರೀ ಚಿದಾನಂದ ಎಸ್. ನಾಯಕ್. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನ ಟೆಲಿವಿಷನ್ ವಿಭಾಗದಲ್ಲಿ ಅವರದು ಒಂದು ವರ್ಷದ ಓದು. ವರ್ಷದ ಕೊನೆಯಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಎಂಬ ನಾಲ್ಕು ಶಾಖೆಗಳಿಂದ ಒಬ್ಬೊಬ್ಬ ವಿದ್ಯಾರ್ಥಿ ಕೂಡಿ ಒಂದು ಚಿತ್ರವನ್ನು ತಯಾರಿಸುವುದು ಅಲ್ಲಿಯ ಪಾಠಕ್ರಮ. ನಾಯಕ್ ಅವರ ಜೊತೆಗೆ ಕ್ಯಾಮೆರಾ ಹಿಡಿದವರು ಸೂರಜ್ ಠಾಕೂರ್, ಸಂಕಲನ ಮಾಡಿದವರು ಮನೋಜ್ ವಿ., ಧ್ವನಿಯನ್ನು ನೋಡಿಕೊಂಡವರು ಅಭಿಷೇಕ್ ಕದಂ. 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಎಂಬ ಹೆಸರಿನಿಂದ, ಎಂದರೆ ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿಯಿತೆಂಬ ಅರ್ಥದ ಹೆಸರಿನಿಂದ, ಹೊರಜಗತ್ತಿಗೆ ಪರಿಚಯವಾದ ಈ ಚಿತ್ರ ಮಾತನಾಡುವುದು ಕನ್ನಡವನ್ನು. ಇದರಲ್ಲಿ ಮುದುಕಿ ಊರಿನ ಹುಂಜವನ್ನು ಕದಿಯುತ್ತಾಳೆ. ಊರಿಗೆ ಕತ್ತಲೆ ಕವಿಯುತ್ತದೆ. ಒಂದು ಭವಿಷ್ಯವಾಣಿಯನ್ನು ಮುಂದಿಟ್ಟುಕೊಂಡು ಮುದುಕಿಯ ಮನೆಯವರನ್ನು ಊರಿನಿಂದ ಹೊರಗಟ್ಟುತ್ತಾರೆ. ಗಾದೆಯಲ್ಲಿ ನಗೆಗೀಡಾದವಳು ಇಲ್ಲಿ ಊರನ್ನೇ ನಡುಗಿಸುತ್ತಾಳೆ.

2024ರ ಮೇ 23ರಂದು ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ ಲಾ ಸಿನೆಫ್‌ನಲ್ಲಿ ಈ ಚಿತ್ರಕ್ಕೆ ಮೊದಲ ಬಹುಮಾನ ಬಂದಿತು. ಆ ವರ್ಷ ಜಗತ್ತಿನ 555 ಶಾಲೆಗಳಿಂದ ಬಂದಿದ್ದ ಚಿತ್ರಗಳು 2,263. ಸ್ಪರ್ಧೆಗೆ ಆಯ್ದವು 18. ಪತ್ರಿಕೆಗಳು ಬಹುಮಾನದ 15,000 ಯೂರೋ ಹಣವನ್ನು ದೊಡ್ಡ ಅಕ್ಷರಗಳಲ್ಲಿ ಬರೆದುವು. ಅದಕ್ಕಿಂತ ಮಿಗಿಲಾದ ಸಂಗತಿಯೊಂದು ಸಣ್ಣ ಅಕ್ಷರಗಳಲ್ಲಿ ಹೋಯಿತು: ಚಿತ್ರೀಕರಣಕ್ಕೆ ದೊರೆತಿದ್ದುದು ನಾಲ್ಕೇ ದಿನ, ಈ ಚಿತ್ರವನ್ನು ಮಾಡಬೇಡವೆಂದು ಅವರಿಗೆ ಹೇಳಿದವರೂ ಇದ್ದರು.

ಹಾಗೆ ಹೇಳಿದವರನ್ನು ದೂರಬೇಕಾಗಿಲ್ಲ. ಸುಮಾರು 16 ನಿಮಿಷದ ಚಿತ್ರವನ್ನು 4 ದಿನಕ್ಕೆ ಹಂಚಿದರೆ ದಿನವೊಂದಕ್ಕೆ 4 ನಿಮಿಷ. ದಿನಕ್ಕೆ ಹತ್ತು ಗಂಟೆ ದುಡಿದರೂ ಪರದೆಯ ಮೇಲಿನ ಒಂದು ನಿಮಿಷಕ್ಕೆ ದೊರೆಯುವುದು ಎರಡೂವರೆ ಗಂಟೆ. ಅದರಲ್ಲಿಯೇ ದೀಪವನ್ನಿಡಬೇಕು, ನಟರಿಗೆ ತಿದ್ದಬೇಕು, ಕ್ಯಾಮೆರಾವನ್ನು ಎತ್ತಿ ಇನ್ನೊಂದೆಡೆಗೆ ಒಯ್ಯಬೇಕು, ಊಟವನ್ನೂ ಮಾಡಬೇಕು. ಇಷ್ಟು ಸಾಲದೆಂಬಂತೆ ಕಥೆಯೇ ಕತ್ತಲೆಯದು. ಜೊತೆಗೆ ಹೇಳಿದ ಮಾತು ಕೇಳದ ಪಾತ್ರಧಾರಿಯೊಂದು, ಅಂದರೆ ಹುಂಜ. ಯಾವ ಅನುಭವಿಯಾದರೂ ಹುಡುಗರ ಹಿತಕ್ಕಾಗಿಯೇ ಬೇಡವೆಂದಾನು. ಆದರೆ ಆ ಮಾತನ್ನು ಕೇಳಿದ್ದರೆ ಅಜ್ಜಿಯ ಕಥೆ ಗಾದೆಯಾಗಿಯೇ ಉಳಿಯುತ್ತಿತ್ತು.

ಕತ್ತಲೆಯನ್ನು ಚಿತ್ರಿಸುವುದು ಎಂದರೇನು? ದೀಪವನ್ನೆಲ್ಲ ಆರಿಸಿ ಕ್ಯಾಮೆರಾವನ್ನು ತಿರುಗಿಸಿದರೆ ಸಿಕ್ಕುವುದು ಕತ್ತಲೆಯಲ್ಲ, ಬರಿಯ ಕಪ್ಪು. ಕಪ್ಪನ್ನು ನೋಡಲು ಯಾರೂ ಟಿಕೆಟ್ಟು ಕೊಂಡು ಬರುವುದಿಲ್ಲ. ಹುಣ್ಣಿಮೆಯ ಚಂದ್ರನಿಗಿಂತ ಸೂರ್ಯ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನ. ಆದರೂ ಬೆಳದಿಂಗಳಲ್ಲಿ ಹೊಲದ ಬದುವಿನ ಮೇಲೆ ಎಡವದೆ ನಡೆಯುವ ಸಾಮರ್ಥ್ಯ ನಮ್ಮ ಕಣ್ಣಿಗುಂಟು. ಕ್ಯಾಮೆರಾಕ್ಕೆ ಆ ಹೊಂದಾಣಿಕೆ ಸುಲಭವಲ್ಲ. ಆದುದರಿಂದ ರಾತ್ರಿಯನ್ನು ತೋರಿಸಬೇಕಾದವನು ಹಗಲನ್ನು ತೋರಿಸುವವನಿಗಿಂತ ಹೆಚ್ಚು ದೀಪಗಳ ವಿಚಾರ ಮಾಡಬೇಕಾಗುತ್ತದೆ. ಮುಖದ ಮುಂದೆ ದೀಪವನ್ನಿಟ್ಟರೆ ರಾತ್ರಿ ಸತ್ತಿತು. ಹಿಂದಿನಿಂದ, ತುಸು ಮೇಲಿನಿಂದ ಬೆಳಕು ಬಂದು ಮುದುಕಿಯ ಸೆರಗಿನ ಅಂಚನ್ನೂ ಭುಜದ ಗೆರೆಯನ್ನೂ ಮುಟ್ಟಬೇಕು; ಮುಖ ಅರ್ಧ ಕಂಡರೆ ಸಾಕು; ಹಿಂದಿನ ಗೋಡೆಯ ಮೇಲೆ ಎಲ್ಲಿಯೋ ಒಂದು ತುಂಡು ಬೆಳಕು ಬಿದ್ದಿರಬೇಕು. ನೋಡುವವನು ಆ ಬೆಳಕಿನ ತುಂಡಿನಿಂದ ಉಳಿದ ಕತ್ತಲೆಯನ್ನು ಅಳೆಯುತ್ತಾನೆ. ನೆಲಕ್ಕೆ ನೀರು ಚಿಮುಕಿಸಿದರೆ ಒಂದೇ ದೀಪ ಎರಡರ ಕೆಲಸ ಮಾಡುವುದು. ಇನ್ನು ಬೆಳದಿಂಗಳು ನೀಲಿಯೆಂಬುದು ಚಿತ್ರದವರು ಒಪ್ಪಿ ನಡೆಸಿಕೊಂಡು ಬಂದ ಸುಳ್ಳು. ಅದು ಸೂರ್ಯನ ಬೆಳಕೇ, ಚಂದ್ರನನ್ನು ಮುಟ್ಟಿ ಬಂದದ್ದು. ಮಂದ ಬೆಳಕಿನಲ್ಲಿ ಕಣ್ಣು ಕೆಂಪಿಗಿಂತ ನೀಲಿಯನ್ನು ಬೇಗ ಹಿಡಿಯುವುದರಿಂದ ಹಾಗೆ ತೋರುತ್ತದೆ. ಸುಳ್ಳಾದರೂ ಕಣ್ಣು ಹೇಳುವ ಸುಳ್ಳು. ಅದನ್ನು ಕ್ಯಾಮೆರಾ ಹೇಳಿದರೆ ತಪ್ಪಿಲ್ಲ.

ಬೆಳಕನ್ನು ಹೀಗೆ ಓದಿ ಕಲಿಯಬಹುದೆಂಬುದು ಕನ್ನಡ ನಾಡಿಗೆ ಹೊಸ ವಿಷಯವಲ್ಲ. ಪುಣೆಯಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಸಂಸ್ಥೆ ಆರಂಭವಾದದ್ದು 1960ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1940ರ ದಶಕದಲ್ಲಿಯೇ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣದ ತರಗತಿಗಳು ನಡೆಯುತ್ತಿದ್ದುವು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಅಲ್ಲಿಂದ 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಮುಂದೆ ಗೋವಿಂದ ನಿಹಲಾನಿಯವರೂ 1962ರಲ್ಲಿ ಅಲ್ಲಿಂದಲೇ ತೇರ್ಗಡೆಯಾಗಿ ಹೊರಬಂದರು. ಗುರುದತ್ತರ 'ಕಾಗಜ್ ಕೆ ಫೂಲ್' 1959ರಲ್ಲಿ ತೆರೆಕಂಡಾಗ, ಖಾಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಬರುವ ಬೆಳಕಿನ ಕೋಲನ್ನು ಕಂಡು ಜನ ಬೆರಗಾದರು. ಅಂಥ ನೇರವಾದ ಕೋಲು ಸ್ಟುಡಿಯೋದ ಯಾವ ದೀಪದಿಂದಲೂ ಹುಟ್ಟುವಂಥದಲ್ಲ. ಮೂರ್ತಿಯವರು ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿಯನ್ನು ನಿಲ್ಲಿಸಿ, ಅದರ ಬೆಳಕನ್ನು ಒಳಗೆ ಎತ್ತರದಲ್ಲಿ ಇರಿಸಿದ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಇಳಿಸಿದ್ದರು. ಕೋಲು ಕಣ್ಣಿಗೆ ಕಾಣಲು ತುಸು ಹೊಗೆ. ಸೂರ್ಯನನ್ನೇ ಕೂಲಿಗೆ ಕರೆದಂತೆ! ಈ ಚಿತ್ರದ ಛಾಯಾಗ್ರಹಣಕ್ಕೆ ಅವರಿಗೆ ಫಿಲ್ಮ್‌ಫೇರ್ ಬಹುಮಾನ ಬಂದಿತು. ಬಹುಕಾಲದ ಮೇಲೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂದಿತು. ಆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರು. ಬಂಗಾಳದಲ್ಲಿ ಸುಬ್ರತೋ ಮಿತ್ರರು ಸತ್ಯಜಿತ್ ರಾಯರ 'ಅಪರಾಜಿತೊ' ಚಿತ್ರಕ್ಕಾಗಿ, 1956ರಲ್ಲಿ, ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿ, ಮೇಲೆ ಬಿಳಿಯ ಬಟ್ಟೆಯನ್ನು ಹರಡಿ, ದೀಪಗಳನ್ನು ಅದಕ್ಕೆ ತಿರುಗಿಸಿ, ಅಲ್ಲಿಂದ ಮರಳಿ ಬೀಳುವ ಮೆತ್ತನೆಯ ಬೆಳಕಿನಲ್ಲಿ ಚಿತ್ರ ತೆಗೆದರು. ಅದು ಆಕಾಶದ ಬೆಳಕೇ ಎಂದು ನೋಡಿದವರು ನಂಬಿದರು. ಕನ್ನಡಿ ಮತ್ತು ಬಿಳಿಯ ಬಟ್ಟೆ: ಎರಡೂ ಯಾವ ಹಳ್ಳಿಯಲ್ಲಾದರೂ ದೊರೆಯುವ ಸಾಮಗ್ರಿ.

ವಿದ್ಯಾರ್ಥಿಯ ಚಿತ್ರವೆಂದರೆ ಅಪಕ್ವವಾದದ್ದು ಎಂಬ ತಾತ್ಸಾರವೂ ಕನ್ನಡಿಗರಿಗೆ ಸಲ್ಲದು. ಗಿರೀಶ ಕಾಸರವಳ್ಳಿಯವರು ಪುಣೆಯಲ್ಲಿ ಓದು ಮುಗಿಸುತ್ತ 1975ರಲ್ಲಿ ತೆಗೆದ 'ಅವಶೇಷ್' ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಎರಡೇ ವರ್ಷದಲ್ಲಿ ಅವರು 'ಘಟಶ್ರಾದ್ಧ'ವನ್ನು ಕೊಟ್ಟರು, ಅದಕ್ಕೆ ಸ್ವರ್ಣಕಮಲ ಬಂದಿತು.

ಆದರೆ ಪುಣೆಗೆ ಹೋಗಲಾಗದವರು? ಅಜ್ಜಿಯ ಕಥೆ ಹುಟ್ಟಿದ್ದು ಯಾವ ಸಂಸ್ಥೆಯಲ್ಲಿಯೂ ಅಲ್ಲ. ಉಮ್ಮತ್ತೂರಿನಂಥ ಊರುಗಳ ಜಗುಲಿಯ ಮೇಲೆ. ಒಂದು ಕಾಲಕ್ಕೆ ಕೃಷ್ಣದೇವರಾಯನಿಗೇ ಎದುರು ನಿಂತ ಪಾಳೆಯಗಾರರ ನೆಲೆ ಇದು. ಇಂದು ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿ. ಈ ಸೀಮೆಯ ನೀಲಗಾರರು ತಂಬೂರಿ ಹಿಡಿದು ಕುಳಿತರೆ ಮಂಟೇಸ್ವಾಮಿಯ ಕಥೆ ಇಡೀ ರಾತ್ರಿ ನಡೆಯುತ್ತದೆ. ರಾತ್ರಿಯೆಲ್ಲ ಕುಳಿತು ಕಥೆ ಕೇಳುವ ಅಭ್ಯಾಸವಿರುವ ಜನರ ನಡುವೆ ಬೆಳೆದ ಹುಡುಗ ಹುಡುಗಿಯರು ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅವರ ಕಿಸೆಯಲ್ಲಿರುವ ದೂರವಾಣಿಯ ಕ್ಯಾಮೆರಾ, ಮೂರ್ತಿಯವರು ಕಲಿತ ಕಾಲದಲ್ಲಿ ಊಹೆಗೂ ನಿಲುಕದಂಥದು. ಆಗ ಕಚ್ಚಾ ಫಿಲ್ಮಿಗೆ ಹಣ ತೆರಬೇಕಿತ್ತು. 35 ಮಿಲಿಮೀಟರಿನ 1,000 ಅಡಿ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿತ್ತು. ಆ ಹೆದರಿಕೆಯೇ ಜನರಿಗೆ ಮುಂದಾಲೋಚನೆಯನ್ನು ಕಲಿಸಿತು. ಈಗ ಹೆದರಿಕೆ ಹೋಗಿದೆ, ಮುಂದಾಲೋಚನೆಯೂ ಅದರ ಹಿಂದೆಯೇ ಹೊರಟುಹೋದಂತಿದೆ. ಇಡೀ ಸಂಜೆ ಒತ್ತಿದ ಗುಂಡಿಯನ್ನು ಬಿಡದೆ ಚಿತ್ರ ತೆಗೆದು, ಮನೆಗೆ ಬಂದು ನೋಡಿದರೆ ಒಂದಕ್ಕೊಂದು ಹೊಂದದ ನೂರು ತುಂಡುಗಳು.

ಉಮ್ಮತ್ತೂರಿನಲ್ಲಿ ಇಂಥ ಒಂದು ತಂಡ ಕ್ಯಾಮೆರಾ ಹಿಡಿದು ಹೊರಟಿತೆನ್ನೋಣ. ಮೊದಲ ಕೆಲಸ ಕ್ಯಾಮೆರಾವನ್ನು ಮನೆಯಲ್ಲಿ ಬಿಟ್ಟು ಹೋಗುವುದು. ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಚಿತ್ರ ತೆಗೆಯಬೇಕೆಂದಿದೆಯೋ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಸುಮ್ಮನೆ ಒಂದು ಗಂಟೆ ಕುಳಿತು ಬರಬೇಕು. ಮಧ್ಯಾಹ್ನ ನೋಡಿದ ಓಣಿ ಸಂಜೆ ಆರಕ್ಕೆ ಬೇರೆಯದೇ ಆಗಿರುತ್ತದೆ: ದನಗಳು ಮರಳುತ್ತವೆ, ಗುಡಿಯ ಧ್ವನಿವರ್ಧಕ ಹಾಡಲು ತೊಡಗುತ್ತದೆ, ಬಸ್ಸು ಬಂದು ಹತ್ತು ನಿಮಿಷ ಗದ್ದಲ. ಸೂರ್ಯ ಹುಟ್ಟುವುದು ಬಿಳಿಗಿರಿರಂಗನ ಬೆಟ್ಟಗಳಿರುವ ದಿಕ್ಕಿನಿಂದ. ಯಾವ ಮನೆಯ ಬಾಗಿಲು ಆ ಕಡೆಗಿದೆ, ಯಾವುದು ಹಿಂದುಮುಂದಾಗಿದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಸೂರ್ಯ ಮುಳುಗಿದ ಮೇಲೆ ಆಕಾಶದಲ್ಲಿ ಬಣ್ಣ ಉಳಿದು ನೆಲವೂ ಕಾಣುವ ಹೊತ್ತು ನಮ್ಮ ಸೀಮೆಯಲ್ಲಿ ಇಪ್ಪತ್ತು ಇಪ್ಪತ್ತೆರಡು ನಿಮಿಷ ಮಾತ್ರ. ಯುರೋಪಿನ ಉತ್ತರದಲ್ಲಿ ಅದು ಗಂಟೆಗಟ್ಟಲೆ ಇರಬಹುದು. ಅಲ್ಲಿಯ ಚಿತ್ರಗಳನ್ನು ನೋಡಿ ಲೆಕ್ಕ ಹಾಕಿದವನು ಇಲ್ಲಿ ಮೋಸ ಹೋಗುತ್ತಾನೆ. ಆ ಇಪ್ಪತ್ತು ನಿಮಿಷಕ್ಕೆ ಎರಡು ಶಾಟುಗಳಿಗಿಂತ ಹೆಚ್ಚು ಇಟ್ಟುಕೊಳ್ಳಲಾಗದು.

ಸೂರ್ಯಕಾಂತಿಯ ವಿಚಾರದಲ್ಲಿಯೂ ಎಚ್ಚರ ಬೇಕು. ಮಳೆಗಾಲದಲ್ಲಿ ಗುಂಡ್ಲುಪೇಟೆಯ ದಾರಿಯ ಎರಡು ಕಡೆಯೂ ಹಳದಿ ಹಾಸಿದಂತಿರುತ್ತದೆ. ಊಟಿಗೆ ಹೋಗುವವರೆಲ್ಲ ಕಾರು ನಿಲ್ಲಿಸುತ್ತಾರೆ. ಸೂರ್ಯಕಾಂತಿ ಸೂರ್ಯನ ಹಿಂದೆ ತಿರುಗುತ್ತದೆಂದು ಎಲ್ಲರೂ ಬಲ್ಲರು. ಅದು ಎಳೆಯ ಮೊಗ್ಗಿನ ಮಾತು. ಪೂರ್ತಿ ಅರಳಿದ ಹೂ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಆದುದರಿಂದ ಹೂವಿನ ಮುಖದ ಮೇಲೆ ಬಿಸಿಲು ಬೇಕಾದರೆ ಬೆಳಗ್ಗೆಯೇ ಹೋಗಬೇಕು; ಸಂಜೆ ಹೋದವನಿಗೆ ಸಿಕ್ಕುವುದು ಬಿಸಿಲಿಗೆ ಬೆನ್ನು ಮಾಡಿದ ಹೊಲ. ಕಥೆಗೆ ಅದೇ ಬೇಕಾಗಿರಲೂಬಹುದು, ಆದರೆ ಅದು ಗೊತ್ತಿದ್ದು ಮಾಡಿದ್ದಾಗಿರಬೇಕು.

ಕಥೆಯ ಕ್ರಮದಲ್ಲಿ ಚಿತ್ರ ತೆಗೆಯುವುದು ಹೊಸಬರ ಹವ್ಯಾಸ. ಅಜ್ಜಿಯ ಮನೆಯ ಜಗುಲಿ ಕಥೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಬಂದರೆ ಎರಡನ್ನೂ ಒಂದೇ ರಾತ್ರಿ ಮುಗಿಸಬೇಕು. ಕಟ್ಟಿದ ದೀಪವನ್ನು ಬಿಚ್ಚಿ ಮತ್ತೆ ಕಟ್ಟುವಷ್ಟು ಹೊತ್ತು ಯಾರಿಗೂ ಇಲ್ಲ. ಹಾಗೆ ಮಾಡುವಾಗ ಆದಿಯಲ್ಲಿ ಅಜ್ಜಿಯ ಕೈಯಲ್ಲಿ ಎಷ್ಟು ಬಳೆಗಳಿದ್ದುವು, ಲಾಟೀನು ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ ಎಂದು ಬರೆದಿಡುವ ಒಬ್ಬರು ಬೇಕು. ತಂಡದಲ್ಲಿ ಅತ್ಯಂತ ತಾಳ್ಮೆಯ ಹುಡುಗಿಗೆ ಈ ಕೆಲಸವನ್ನು ಒಪ್ಪಿಸಿ, ಆಮೇಲೆ ಆಕೆಯ ಮಾತನ್ನು ಕೇಳದಿರುವುದು ಸಾಮಾನ್ಯವಾಗಿ ನಡೆಯುವ ಅನ್ಯಾಯ.

ವಿದ್ಯುತ್ತಿನ ಲೆಕ್ಕವನ್ನು ಮೊದಲೇ ಮಾಡಿರಬೇಕು. 1,000 ವ್ಯಾಟಿನ ಹಳೆಯ ಸ್ಟುಡಿಯೋ ದೀಪ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಮನೆಯ 5 ಆಂಪಿಯರ್ ಪ್ಲಗ್ಗಿಗೆ ಅಂಥ ಎರಡನ್ನು ಹಾಕಿದರೆ ಫ್ಯೂಸು ಹೋಗಿ, ಮನೆಯವರ ವಿಶ್ವಾಸವೂ ಹೋಗುತ್ತದೆ. ಈಗ ಬಾಡಿಗೆಗೆ ದೊರೆಯುವ ಎಲ್.ಇ.ಡಿ. ಹಲಗೆಗಳು ನೂರಿನ್ನೂರು ವ್ಯಾಟಿನಲ್ಲಿ ಅಷ್ಟೇ ಕೆಲಸ ಕೊಡುವುದರಿಂದ ಹಳ್ಳಿಯ ಚಿತ್ರೀಕರಣ ಹಿಂದಿಗಿಂತ ಸುಲಭ. ದೀಪದ ದೂರವನ್ನು ಐದು ಅಡಿಯಿಂದ ಹತ್ತು ಅಡಿಗೆ ಮಾಡಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಹದಿನೈದು ಅಡಿಗೆ ಒಂಬತ್ತರಲ್ಲಿ ಒಂದು ಭಾಗ. ಈ ಒಂದು ಲೆಕ್ಕವನ್ನು ಬಲ್ಲವನು ದೀಪ ಹೆಚ್ಚಾಯಿತೆಂದು ಗೋಳಾಡುವುದಿಲ್ಲ, ಎರಡು ಹೆಜ್ಜೆ ಹಿಂದೆ ಸರಿಸುತ್ತಾನೆ. ಲಾಟೀನಿನ ಬೆಳಕು ಮುಖವನ್ನು ಬೆಳಗುವಂತೆ ಪರದೆಯ ಮೇಲೆ ಕಂಡರೂ ನಿಜವಾಗಿ ಬೆಳಗುವುದು ಅದರ ಮರೆಯಲ್ಲಿರುವ ಇನ್ನೊಂದು ಸಣ್ಣ ದೀಪ. ಜ್ವಾಲೆಯ ಬಣ್ಣ ಸುಮಾರು 1,900 ಕೆಲ್ವಿನ್, ಹಗಲಿನದು 5,600. ಮರೆಯ ದೀಪಕ್ಕೆ ಕಿತ್ತಳೆ ಬಣ್ಣದ ಹಾಳೆಯನ್ನು ಹೊದಿಸದಿದ್ದರೆ ಲಾಟೀನು ಹಳದಿ, ಅಜ್ಜಿ ಬಿಳಿ.

ಕನ್ನಡಿಯಿಂದ ಬಿಸಿಲನ್ನು ಮನೆಯೊಳಕ್ಕೆ ಹಾಯಿಸುವವರು ಒಂದನ್ನು ಮರೆಯಬಾರದು. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಇಪ್ಪತ್ತು ಅಡಿ ದೂರದ ಗೋಡೆಯ ಮೇಲೆ ಆ ಹೊತ್ತಿಗೆ ಬೆಳಕು ಸುಮಾರು ನಾಲ್ಕು ಅಂಗುಲ ಸರಿದಿರುತ್ತದೆ. ಕನ್ನಡಿಯ ಬಳಿ ಒಬ್ಬನನ್ನು ನಿಲ್ಲಿಸಬೇಕು, ಅವನು ಬೀಡಿಗೆಂದು ಎದ್ದು ಹೋಗುವವನಾಗಿರಬಾರದು.

ಅನುಮತಿಯ ಮಾತು ಬೇಸರದ್ದಾದರೂ ಬಿಡುವಂತಿಲ್ಲ. ಗುಡಿಯ ಮುಂದೆ ಚಿತ್ರ ತೆಗೆಯಲು ಊರ ಯಜಮಾನರ, ಪಂಚಾಯಿತಿಯವರ ಒಪ್ಪಿಗೆ ಬೇಕು. ಗುಡ್ಡದ ಕಡೆ ಕೃಷ್ಣಮೃಗಗಳ ಸಂಚಾರವಿರುವಲ್ಲಿ ರಾತ್ರಿ ದೀಪ ಹಾಕುವುದು ಅರಣ್ಯ ಇಲಾಖೆಯವರನ್ನು ಕೇಳದೆ ಮಾಡಬಾರದ ಕೆಲಸ. ದೊರೆತರೂ ಪ್ರಾಣಿಗಳಿಗಾಗಿ ಬೇಡವೆನ್ನುವುದು ಲೇಸು. ಇವೆಲ್ಲಕ್ಕಿಂತ ಕಷ್ಟವಾದ ಅನುಮತಿ ಅಜ್ಜಿಯದು. ನಟಿಸಲು ಒಪ್ಪಿ ಕುಳಿತ ಯಾವಳೋ ಅಜ್ಜಿ, ದೀಪ ಸರಿಸುತ್ತಿರುವ ಹುಡುಗರನ್ನು ನೋಡಿ, "ಇದ್ಯಾನ ಕೂಸು, ಒಂದು ದೀಪ ಹಚ್ಚಕ ಇಷ್ಟೊತ್ತಾ?" ಎಂದು ಕೇಳಿಯೇ ಕೇಳುತ್ತಾಳೆ. ಆಗ ಉತ್ತರ ಹೇಳುವುದಕ್ಕಿಂತ ಅವಳ ಕೈಗೆ ಒಂದು ಲೋಟ ಕಾಫಿ ಕೊಟ್ಟು, ಅವಳ ಜಾಗದಲ್ಲಿ ತಂಡದ ಯಾರನ್ನಾದರೂ ಕೂರಿಸಿ ಬೆಳಕನ್ನು ಹೊಂದಿಸಿಕೊಳ್ಳುವುದು ಜಾಣತನ. ದೊಡ್ಡ ಸ್ಟುಡಿಯೋಗಳಲ್ಲಿಯೂ ತಾರೆಯರ ಬದಲಿಗೆ ಹಾಗೆ ಕೂರುವವರಿದ್ದರು. ಅಜ್ಜಿ ದಣಿದ ಮೇಲೆ ಎಂಥ ಬೆಳಕೂ ಅವಳ ಮುಖಕ್ಕೆ ಕಥೆಯನ್ನು ಮರಳಿ ತರಲಾರದು. ಅವಳ ಶಾಟುಗಳನ್ನೆಲ್ಲ ರಾತ್ರಿಯ ಮೊದಲ ಭಾಗದಲ್ಲಿ ಮುಗಿಸಿ, ಹುಂಜದ್ದನ್ನೂ ಖಾಲಿ ಬೀದಿಯದನ್ನೂ ಕೊನೆಗೆ ಇಟ್ಟುಕೊಳ್ಳಬೇಕು.

ಹುಂಜ ಕ್ಯಾಮೆರಾದ ಮುಂದೆ ಕೂಗುವುದಿಲ್ಲ. ಅದರ ಕೂಗನ್ನು ಬೇರೊಂದು ಮುಂಜಾವದಲ್ಲಿ, ಜನರೇಟರಿನ ಸದ್ದಿಲ್ಲದಾಗ, ಧ್ವನಿಯವರು ಪ್ರತ್ಯೇಕವಾಗಿ ಹಿಡಿಯಬೇಕು. ಅದೇ ಹೊತ್ತಿಗೆ ಯಾರೂ ಮಾತನಾಡದ ಒಂದು ನಿಮಿಷದ ನಿಶ್ಶಬ್ದವನ್ನೂ ಹಿಡಿದಿಡಬೇಕು. ಉಮ್ಮತ್ತೂರಿನ ನಿಶ್ಶಬ್ದ ಮೈಸೂರಿನ ನಿಶ್ಶಬ್ದವಲ್ಲ, ಸಂಕಲನದ ಮೇಜಿನ ಮುಂದೆ ಕುಳಿತಾಗ ಅದರ ಬೆಲೆ ತಿಳಿಯುತ್ತದೆ.

ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಎಲ್ಲರಿಗೂ ನಿದ್ದೆ. ತಂತಿಗಳನ್ನು ಎಣಿಸಿ ಸುತ್ತುವ ಕೆಲಸ ಆಗಲೇ ಇರುವುದು. ತಂದದ್ದು ಹನ್ನೆರಡಾದರೆ ಮರಳುವುದೂ ಹನ್ನೆರಡೇ ಇರಬೇಕು, ಬಾಡಿಗೆಯವನು ಹನ್ನೊಂದನ್ನು ಒಪ್ಪುವುದಿಲ್ಲ. ತೆಗೆದ ಚಿತ್ರದ ಎರಡು ಪ್ರತಿಗಳನ್ನು ಎರಡು ಡಿಸ್ಕುಗಳಲ್ಲಿ ಇಳಿಸಿ, ಒಂದನ್ನು ಒಬ್ಬನ ಚೀಲದಲ್ಲಿ ಮೊದಲ ಬಸ್ಸಿಗೂ ಇನ್ನೊಂದನ್ನು ಬೇರೊಬ್ಬನ ಚೀಲದಲ್ಲಿ ಎರಡನೆಯ ಬಸ್ಸಿಗೂ ಕಳುಹಿಸಬೇಕು. ಆಮೇಲೆ ಅಜ್ಜಿಯ ಜಗುಲಿಯನ್ನು ಗುಡಿಸಿ, ಗೋಡೆಗೆ ಹೊಡೆದಿದ್ದ ಮೊಳೆಗಳನ್ನು ಕಿತ್ತು, ಹುಂಜವನ್ನು ಅದರ ಮನೆಗೆ ಮುಟ್ಟಿಸಿ ಬರಬೇಕು.